ಸುದ್ದಿಯ ಬಾಗಿಲಿಗೆ ಕಾವಲು ಯಾರು?

ಹಿಂದೆ ನಮ್ಮ ಕರಾವಳಿಯ ಊರುಗಳಲ್ಲಿ ಯಾರಾದರೂ ತೀರಿಹೋದರೆ ಆ ಸುದ್ದಿಯನ್ನು ಊರಿಗೆ ಮೊದಲು ತಿಳಿಸುತ್ತಿದ್ದುದು ಇಗರ್ಜಿಯ ಗಂಟೆ. ಮನೆಯವರು ಇಲ್ಲವೇ ವಾಳೆಯ ಗುರಿಕಾರರು ಬಂದು ಧರ್ಮಗುರುಗಳಿಗೆ ವಿಷಯ ತಿಳಿಸಿದ ಮೇಲೆಯೇ ಗಂಟೆ ಬಾರಿಸಲಾಗುತ್ತಿತ್ತು. ಗದ್ದೆಯಲ್ಲಿದ್ದವರು ಕೆಲಸ ನಿಲ್ಲಿಸಿ ಶಿಲುಬೆಯ ಗುರುತು ಮಾಡಿ, "ಯಾರ ಮನೆಯಲ್ಲಿ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಸುದ್ದಿ ತಡವಾಗಿ ಬರುತ್ತಿತ್ತು. ಆದರೆ ಬಂದ ಸುದ್ದಿ ನಿಜವಾಗಿರುತ್ತಿತ್ತು.

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ನಮ್ಮ ಸುದ್ದಿ ವಿಭಾಗಕ್ಕೆ ಹಿರಿಯ ಗುರಿಕಾರರೊಬ್ಬರು ನಿಧನರಾದರೆಂಬ ಸಂದೇಶ ಬಂತು. ಒಂದಲ್ಲ, ಮೂರು ವಾಟ್ಸಾಪ್ ಗುಂಪುಗಳಿಂದ ಬಂತು. ಮೂರು ಕಡೆಯಿಂದ ಬಂದದ್ದು ಸುಳ್ಳಾಗಿರಲಾರದೆಂದು ನಂಬಿ, ಅವರ ಭಾವಚಿತ್ರದೊಂದಿಗೆ ಶ್ರದ್ಧಾಂಜಲಿಯನ್ನು ಪ್ರಕಟಿಸಿಬಿಟ್ಟೆವು. ಅರ್ಧ ಗಂಟೆಯೊಳಗೆ ಕುವೈಟಿನಿಂದ ಅವರ ಮಗಳ ಫೋನು ಬಂತು. "ಫಾದರ್, ಪಪ್ಪ ಹೋದರಾ? ನನಗೆ ಮನೆಯಿಂದ ಯಾರೂ ಹೇಳಲಿಲ್ಲವಲ್ಲ" ಎಂದು ಆಕೆ ಅಳುತ್ತಿದ್ದರು. ವಿಚಾರಿಸಿದಾಗ ತಿಳಿದದ್ದಿಷ್ಟು: ಅವರನ್ನು ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಸೇರಿಸಲಾಗಿತ್ತು. "ಸೀರಿಯಸ್ ಅಂತೆ" ಎಂದು ಒಬ್ಬರು ಬರೆದದ್ದು ಇನ್ನೊಂದು ಗುಂಪಿನಲ್ಲಿ "ಹೋದರಂತೆ" ಎಂದಾಗಿತ್ತು. ಮೂರು ಗುಂಪುಗಳಿಗೂ ಅದು ಹೋದದ್ದು ಒಬ್ಬರಿಂದಲೇ.

ನಾವು ತಕ್ಷಣ ಸುದ್ದಿಯನ್ನು ತೆಗೆದುಹಾಕಿ ಕ್ಷಮೆ ಕೇಳಿದೆವು. ಆದರೆ ಅದರ ಛಾಯಾಪ್ರತಿ ಇನ್ನೂ ಎರಡು ದಿನ ಮೊಬೈಲುಗಳಲ್ಲಿ ಸುತ್ತುತ್ತಲೇ ಇತ್ತು. "ಹಾಕುವ ಮೊದಲು ನೀವು ಯಾರನ್ನು ಕೇಳಿದಿರಿ ಫಾದರ್?" ಎಂಬ ಆ ಮಗಳ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಇಂದಿನ ಮಾಹಿತಿ ತಂತ್ರಜ್ಞಾನದ ಯುಗದಲ್ಲಿ ಸುದ್ದಿಯ ಜಗತ್ತು ಎಷ್ಟು ಬದಲಾಗಿದೆ ಎಂಬುದನ್ನು ಅರಿಯಲು ಈ ಒಂದು ಪ್ರಶ್ನೆಯೇ ಸಾಕು. ಘಟನೆಗೂ ಸುದ್ದಿಗೂ ನಡುವೆ ಮೊದಲು ಒಂದು ಅಂತರವಿತ್ತು. ಆ ಅಂತರದಲ್ಲಿ "ಇದು ನಿಜವೇ?" ಎಂದು ಕೇಳುವ ಒಬ್ಬರು ಇದ್ದರು. ತಂತ್ರಜ್ಞಾನವು ಆ ಅಂತರವನ್ನು ಇಲ್ಲವಾಗಿಸಿದೆ. ಕೇಳುವ ಕೆಲಸ ಮಾತ್ರ ಉಳಿದಿದೆ. ಅದೀಗ ಯಾರ ಪಾಲಿಗೆ ಬಂದಿದೆ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಕಲ್ಲಚ್ಚಿನಿಂದ ಆರಂಭ

ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲೇ ಎಂಬುದು ಹೆಮ್ಮೆಯ ಸಂಗತಿ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು 'ಮಂಗಳೂರು ಸಮಾಚಾರ'ವನ್ನು ಹೊರತಂದರು. ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಲಾಗುತ್ತಿತ್ತು. ಹದಿನೈದು ದಿನಗಳಿಗೊಮ್ಮೆ ಅದು ಓದುಗರ ಕೈಸೇರುತ್ತಿತ್ತು. ಆ ದಿನದ ನೆನಪಿಗಾಗಿಯೇ ಇಂದಿಗೂ ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವನ್ನಾಗಿ ಆಚರಿಸಲಾಗುತ್ತದೆ. ಮುಂದೆ 1938ರಲ್ಲಿ ಮೊನ್ಸಿಂಜೊರ್ ಸಿಲ್ವೆಸ್ಟರ್ ಮಿನೇಜಸ್ ಅವರು ಕೊಂಕಣಿ ವಾರಪತ್ರಿಕೆ 'ರಾಕ್ಣೊ'ವನ್ನು ಆರಂಭಿಸಿದರು. ರಾಕ್ಣೊ ಎಂದರೆ ಕಾಯುವವನು. 1970ರಲ್ಲಿ ಮಣಿಪಾಲದಿಂದ 'ಉದಯವಾಣಿ' ದೈನಿಕ ಹೊರಡತೊಡಗಿತು.

ಹದಿನೈದು ದಿನ, ಏಳು ದಿನ, ಒಂದು ದಿನ. ಹೀಗೆ ಅಂತರ ಕಡಿಮೆಯಾಗುತ್ತ ಬಂದರೂ ಒಂದು ಮಾತ್ರ ಬದಲಾಗಲಿಲ್ಲ. ವರದಿಗಾರ ಬರೆದುದನ್ನು ಉಪಸಂಪಾದಕ ಓದುತ್ತಿದ್ದ. ಸಂಶಯ ಬಂದರೆ ತಿರುಗಿ ಕೇಳುತ್ತಿದ್ದ. ಕರಡು ತಿದ್ದುವವರು ಹೆಸರು, ಊರು, ದಿನಾಂಕಗಳನ್ನು ನೋಡುತ್ತಿದ್ದರು. ತಪ್ಪಾದರೆ ಜವಾಬ್ದಾರಿ ಹೊರಲು ಸಂಪಾದಕನ ಹೆಸರು ಪತ್ರಿಕೆಯಲ್ಲೇ ಅಚ್ಚಾಗಿರುತ್ತಿತ್ತು. ಸುದ್ದಿಯ ಬಾಗಿಲಿಗೆ ಇದ್ದ ಕಾವಲು ಇದೇ.

ಹಾಗೆಂದು ಹಳೆಯ ಕಾಲವೇ ಚಿನ್ನದ ಕಾಲವೆಂದು ನಾವು ಹೇಳುವುದಿಲ್ಲ. ಕಾವಲಿನವನು ಸುಳ್ಳನ್ನು ತಡೆಯುವಂತೆ ಕೆಲವೊಮ್ಮೆ ಸತ್ಯವನ್ನೂ ತಡೆಯುತ್ತಿದ್ದ. ಪೇಟೆಯ ದೊಡ್ಡವರ ಸಮಾರಂಭಕ್ಕೆ ಸಿಕ್ಕ ಜಾಗ ಹಳ್ಳಿಯ ಬಡವರ ಗೋಳಿಗೆ ಸಿಗುತ್ತಿರಲಿಲ್ಲ. ದೂರದ ಒಂದು ಸಣ್ಣ ಚರ್ಚಿನ ಯುವಜನರು ಸೇರಿ ವಿಧವೆಯೊಬ್ಬರಿಗೆ ಮನೆ ಕಟ್ಟಿಕೊಟ್ಟರೆ ಅದು ಎರಡು ಸಾಲಿನ ಸುದ್ದಿಯೂ ಆಗುತ್ತಿರಲಿಲ್ಲ. ಓದುಗನಿಗೆ ಇದ್ದ ಒಂದೇ ದಾರಿಯೆಂದರೆ 'ಸಂಪಾದಕರಿಗೆ ಪತ್ರ'. ಅದು ಪ್ರಕಟವಾಗುವುದೂ ಬಿಡುವುದೂ ಸಂಪಾದಕರ ಇಚ್ಛೆಗೆ ಬಿಟ್ಟದ್ದು.

ಬ್ಲಾಗ್ ಬಾಗಿಲು ತೆರೆಯಿತು

ಈ ಬಾಗಿಲನ್ನು ಮೊದಲು ತೆರೆದದ್ದು ಬ್ಲಾಗ್. ಹಡಗಿನಲ್ಲಿ ಪ್ರತಿದಿನದ ಪಯಣದ ವಿವರ ಬರೆದಿಡುವ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ಲಾಗ್ ಎನ್ನುತ್ತಾರೆ. ಅಂತರಜಾಲದಲ್ಲಿ, ಅಂದರೆ ವೆಬ್‌ನಲ್ಲಿ, ದಿನದಿನವೂ ಬರೆದಿಡುವ ಇಂತಹ ಬರವಣಿಗೆಗೆ ಅಮೆರಿಕದ ಜಾರ್ನ್ ಬಾರ್ಗರ್ ಎಂಬವರು 1997ರಲ್ಲಿ 'ವೆಬ್‌ಲಾಗ್' ಎಂಬ ಹೆಸರನ್ನು ಬಳಸಿದರು. 1999ರಲ್ಲಿ ಅದು ಚಿಕ್ಕದಾಗಿ 'ಬ್ಲಾಗ್' ಆಯಿತು. ಅದೇ ವರ್ಷ ಪೈರಾ ಲ್ಯಾಬ್ಸ್ ಎಂಬ ಸಣ್ಣ ಸಂಸ್ಥೆ 'ಬ್ಲಾಗರ್' ಸೇವೆಯನ್ನು ಆರಂಭಿಸಿತು. 2003ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು.

ಇದರ ವೈಶಿಷ್ಟ್ಯವನ್ನು ಸರಳವಾಗಿ ಹೀಗೆ ಹೇಳಬಹುದು. ಪತ್ರಿಕೆ ನಡೆಸಲು ಮುದ್ರಣಯಂತ್ರ, ಕಾಗದ, ಹಂಚುವ ಜನ, ಇವೆಲ್ಲಕ್ಕೂ ಬಂಡವಾಳ ಬೇಕು. ಬ್ಲಾಗ್ ನಡೆಸಲು ಬೇಕಾದದ್ದು ಒಂದು ಕಂಪ್ಯೂಟರ್ ಮತ್ತು ಅಂತರಜಾಲದ ಸಂಪರ್ಕ ಮಾತ್ರ. ಬರೆದು ಗುಂಡಿ ಒತ್ತಿದರೆ ಸಾಕು, ಜಗತ್ತಿನ ಯಾವ ಮೂಲೆಯಲ್ಲಿದ್ದವರೂ ಅದನ್ನು ಓದಬಹುದು. ಓದಿದವರು ಕೆಳಗೆ ತಮ್ಮ ಅಭಿಪ್ರಾಯ ಬರೆಯಬಹುದು, ತಪ್ಪಿದ್ದರೆ ತೋರಿಸಬಹುದು. ಸುದ್ದಿಯ ಮೂಲ ಎಲ್ಲಿದೆಯೋ ಅಲ್ಲಿಗೆ ಕೊಂಡಿ ಕೊಡಬಹುದು. ಓದುಗನು ಕೇವಲ ಕೇಳುಗನಾಗಿ ಉಳಿಯದೆ ಮಾತಾಡುವವನಾದನು.

ಕನ್ನಡಕ್ಕೆ ಈ ಭಾಗ್ಯ ಸ್ವಲ್ಪ ತಡವಾಗಿ ಬಂತು. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದೇ ಆಗ ದೊಡ್ಡ ಸಾಹಸವಾಗಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂದಾಗ ಬರೆಯುವ ಕಷ್ಟ ಕಡಿಮೆಯಾಯಿತು. ಆದರೂ ಬರೆದವರ ಫಾಂಟ್ ಓದುವವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅಕ್ಷರಗಳ ಬದಲು ಚಿತ್ರವಿಚಿತ್ರ ಗುರುತುಗಳು ಕಾಣುತ್ತಿದ್ದವು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯನ್ನು ನೀಡಿದ ಯುನಿಕೋಡ್ ಬಳಕೆಗೆ ಬಂದ ಮೇಲೆ ಈ ತೊಡಕು ನೀಗಿತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರು ಆರಂಭಿಸಿದ 'ಸಂಪದ' ತಾಣದಲ್ಲಿ ನೂರಾರು ಕನ್ನಡಿಗರು ಬರೆಯತೊಡಗಿದರು. ಗಲ್ಫ್ ದೇಶಗಳಲ್ಲಿ ದುಡಿಯುತ್ತಿದ್ದ ನಮ್ಮ ಜನರಿಗಂತೂ ಊರಿನ ಸುದ್ದಿಯನ್ನು ಅದೇ ದಿನ ಓದುವುದು ಸಾಧ್ಯವಾದದ್ದು ಈ ಕಾಲದಲ್ಲೇ. ಅದಕ್ಕೆ ಮೊದಲು ಊರಿನಿಂದ ಬರುವ ಪತ್ರಕ್ಕಾಗಿ ವಾರಗಟ್ಟಲೆ ಕಾಯಬೇಕಿತ್ತು.

ತೆರೆದ ಬಾಗಿಲಿನಿಂದ ಆದ ಒಳಿತು

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಮುಂಬಯಿಯ ಕೆಲವು ಬ್ಲಾಗರ್‌ಗಳು ಸೇರಿ ಒಂದು ಬ್ಲಾಗ್ ತೆರೆದರು. ಬೇರೆ ಬೇರೆ ದೇಶಗಳ ಸ್ವಯಂಸೇವಕರು ಅವರೊಂದಿಗೆ ಕೈಜೋಡಿಸಿದರು. ಕಾಣೆಯಾದವರ ವಿವರ, ಸಹಾಯವಾಣಿಗಳ ಸಂಖ್ಯೆ, ಪರಿಹಾರ ಸಾಮಗ್ರಿ ಎಲ್ಲಿಗೆ ಬೇಕು ಎಂಬ ಮಾಹಿತಿ ಅಲ್ಲಿ ದೊರೆಯುತ್ತಿತ್ತು. ಅವರಲ್ಲಿ ಯಾರಿಗೂ ಸಂಬಳವಿರಲಿಲ್ಲ. ನೆರೆಯವರಿಗೆ ನೆರವಾಗಬೇಕೆಂಬ ಮನಸ್ಸಿತ್ತು.

2005ರ ಜುಲೈ 7ರಂದು ಲಂಡನ್ನಿನಲ್ಲಿ ಬಾಂಬ್ ಸ್ಫೋಟಗಳಾದಾಗ ಆರೇ ಗಂಟೆಗಳಲ್ಲಿ ಬಿಬಿಸಿಗೆ ಜನಸಾಮಾನ್ಯರಿಂದ 1,000ಕ್ಕೂ ಹೆಚ್ಚು ಛಾಯಾಚಿತ್ರಗಳೂ ಸುಮಾರು 20,000 ಇ-ಮೇಲ್‌ಗಳೂ ಬಂದವು. ಸುರಂಗದೊಳಗೆ ಸಿಲುಕಿದ್ದ ಪ್ರಯಾಣಿಕರೇ ಮೊಬೈಲಿನಲ್ಲಿ ತೆಗೆದ ಚಿತ್ರಗಳು ಅಂದಿನ ಮುಖ್ಯ ಚಿತ್ರಗಳಾದವು. ವರದಿಗಾರ ಹೋಗಲಾಗದ ಕಡೆಗೆ ಕಣ್ಣು ಈಗಾಗಲೇ ತಲಪಿತ್ತು.

ದೊಡ್ಡವರ ತಪ್ಪನ್ನು ಸಣ್ಣವರು ತೋರಿಸಿದ ಉದಾಹರಣೆಯೂ ಇದೆ. 2004ರ ಸೆಪ್ಟೆಂಬರ್ 8ರಂದು ಅಮೆರಿಕದ ಸಿಬಿಎಸ್ ಟಿವಿಯು ಅಧ್ಯಕ್ಷ ಜಾರ್ಜ್ ಬುಷ್ ಅವರ ಸೇನಾ ಸೇವೆಯ ಕುರಿತು ಕೆಲವು ದಾಖಲೆಗಳನ್ನು ಪ್ರಸಾರ ಮಾಡಿತು. ಅವು 1970ರ ದಶಕದ ಆರಂಭದಲ್ಲಿ ಬೆರಳಚ್ಚು ಮಾಡಿದ ಪತ್ರಗಳೆಂದು ಹೇಳಲಾಗಿತ್ತು. ಕೆಲವೇ ಗಂಟೆಗಳಲ್ಲಿ ಅಂತರಜಾಲದಲ್ಲಿ ಬರೆಯುವವರು ಅಕ್ಷರಗಳ ಆಕಾರ ಮತ್ತು ಅವುಗಳ ನಡುವಿನ ಅಂತರವನ್ನು ಪರೀಕ್ಷಿಸಿ, ಇವು ಇತ್ತೀಚಿನ ಕಂಪ್ಯೂಟರಿನಲ್ಲಿ ತಯಾರಾದವುಗಳಂತಿವೆ ಎಂದು ಆಕ್ಷೇಪವೆತ್ತಿದರು. ಸಂಸ್ಥೆ ಮೊದಲು ತನ್ನ ವರದಿಯನ್ನು ಸಮರ್ಥಿಸಿಕೊಂಡಿತು. ಸೆಪ್ಟೆಂಬರ್ 20ರಂದು, ದಾಖಲೆಗಳು ನಿಜವೆಂದು ಸಾಧಿಸಲು ತನ್ನಿಂದಾಗದೆಂದು ಒಪ್ಪಿ ಕ್ಷಮೆ ಯಾಚಿಸಿತು. ಹೆಸರಾಂತ ವಾರ್ತಾವಾಚಕ ಡ್ಯಾನ್ ರಾದರ್ ಮರುವರ್ಷದ ಮಾರ್ಚ್‌ನಲ್ಲಿ ಆ ಸ್ಥಾನದಿಂದ ಇಳಿದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಬ್ಲಾಗರ್‌ಗಳು ಮಾಡಿದ್ದು ಒಳ್ಳೆಯ ಉಪಸಂಪಾದಕ ಮಾಡಬೇಕಾದ ಕೆಲಸವನ್ನೇ. ಕಾವಲಿನವನು ತೂಕಡಿಸಿದಾಗ ದಾರಿಹೋಕರು ಎಬ್ಬಿಸಿದರು. ಬ್ಲಾಗ್ ಎಲ್ಲರಿಗೂ ಕಾಣುವಂತೆ ತೆರೆದಿದ್ದುದರಿಂದ ಇದು ಸಾಧ್ಯವಾಯಿತು. ಪಂಚಾಯತಿ ಕಟ್ಟೆಯಲ್ಲಿ ಒಬ್ಬ ತಪ್ಪು ಹೇಳಿದರೆ ಅಲ್ಲೇ ಕುಳಿತ ಇನ್ನೊಬ್ಬ ತಿದ್ದಬಹುದು, ಹಾಗೆಯೇ ಇದೂ.

ಕರಾವಳಿಯು ಕಲಿತ ಪಾಠ

2010ರ ಮೇ 22ರ ಬೆಳಿಗ್ಗೆಯನ್ನು ನಮ್ಮ ಕರಾವಳಿಯವರು ಯಾರೂ ಮರೆಯಲಾರರು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ಇಳಿಯುವಾಗ ರನ್‌ವೇ ದಾಟಿ ಕಣಿವೆಗೆ ಉರುಳಿತು. 158 ಮಂದಿ ಪ್ರಾಣ ಕಳೆದುಕೊಂಡರು; 8 ಮಂದಿ ಬದುಕುಳಿದರು. ಸುದ್ದಿಗಾಗಿ ಹಂಬಲಿಸುತ್ತಿದ್ದವರು ಸಮುದ್ರದ ಎರಡೂ ಕಡೆ ಇದ್ದರು. ಮರುದಿನದ ಪತ್ರಿಕೆಗೆ ಕಾಯುವಷ್ಟು ತಾಳ್ಮೆಯನ್ನು ಅವರಿಂದ ಯಾರು ನಿರೀಕ್ಷಿಸಿಯಾರು? ಅಂತಹ ಹೊತ್ತಿನಲ್ಲಿ ಫೋನು, ಟಿವಿ, ಅಂತರಜಾಲಗಳೇ ಆಧಾರ.

ಆದರೆ ಅದೇ ದುರಂತ ಇನ್ನೊಂದನ್ನೂ ಕಲಿಸಿತು. ಸುಟ್ಟುಹೋಗಿದ್ದ ದೇಹಗಳನ್ನು ಹೆತ್ತವರೂ ಒಡಹುಟ್ಟಿದವರೂ ಗುರುತಿಸಲಾರದೆ ಹೋದರು. ಕೊನೆಗೆ ಡಿಎನ್‌ಎ ಪರೀಕ್ಷೆ ಮಾಡಬೇಕಾಯಿತು. ಕಣ್ಣೆದುರು ಕಂಡರೂ ಇವರೇ ಎಂದು ಹೇಳಲಾಗದ ಸಂದರ್ಭವಿರುವಾಗ, ಎಲ್ಲೋ ಕುಳಿತು ಯಾರೋ ಕಳುಹಿಸಿದ ಒಂದು ಸಾಲನ್ನು ನಂಬಿ ಹೆಸರು ಬರೆಯುವ ಧೈರ್ಯ ನಮಗೆ ಹೇಗೆ ಬರಬೇಕು? ವೇಗ ಬೇಕು, ನಿಜ. ಆದರೆ ಕೆಲವು ಸುದ್ದಿಗಳಿಗೆ ವೇಗವಲ್ಲ, ಖಚಿತತೆಯೇ ಕರುಣೆ.

ಕಟ್ಟೆಯಿಂದ ಕೋಣೆಗೆ

2010ರ ನಂತರದ ವರ್ಷಗಳಲ್ಲಿ ಮೊಬೈಲೇ ಕಂಪ್ಯೂಟರ್ ಆಯಿತು. ಬ್ಲಾಗ್ ಬರೆಯುತ್ತಿದ್ದವರಲ್ಲಿ ಅನೇಕರು ಫೇಸ್‌ಬುಕ್, ಟ್ವಿಟರ್‌ಗಳಿಗೆ ಹೋದರು. ಜನಸಾಮಾನ್ಯರ ಸುದ್ದಿಯ ಓಡಾಟ ಹೆಚ್ಚಾಗಿ ವಾಟ್ಸಾಪಿಗೆ ಬಂತು. ಹೊರನೋಟಕ್ಕೆ ಇದು ಬ್ಲಾಗಿನ ಮುಂದುವರಿಕೆಯಂತೆ ಕಂಡರೂ ಎರಡು ದೊಡ್ಡ ವ್ಯತ್ಯಾಸಗಳಿವೆ.

ಮೊದಲನೆಯದಾಗಿ, ಬ್ಲಾಗಿನಲ್ಲಿ ಬರೆದವರು ಯಾರು, ಎಂದು ಬರೆದರು ಎಂಬುದು ಅಲ್ಲೇ ಇರುತ್ತಿತ್ತು. ಫಾರ್ವರ್ಡ್ ಆಗಿ ಬಂದ ಸಂದೇಶಕ್ಕೆ ತಂದೆತಾಯಿ ಇಲ್ಲ. ನಮಗೆ ಕಾಣುವುದು ಕಳುಹಿಸಿದವರ ಹೆಸರು ಮಾತ್ರ. ಅವರು ನಮ್ಮ ಅಕ್ಕನೋ ನೆರೆಮನೆಯವರೋ ಆಗಿರುವುದರಿಂದ ನಂಬಿಬಿಡುತ್ತೇವೆ. ಎರಡನೆಯದಾಗಿ, ಬ್ಲಾಗ್ ಕಟ್ಟೆಯ ಮಾತಾದರೆ ವಾಟ್ಸಾಪ್ ಮುಚ್ಚಿದ ಕೋಣೆಯ ಮಾತು. ಒಂದು ಗುಂಪಿನಲ್ಲಿ ತಪ್ಪನ್ನು ತಿದ್ದಿದರೂ ಅದು ಈಗಾಗಲೇ ತಲಪಿರುವ ಇತರ ಗುಂಪುಗಳಿಗೆ ಆ ತಿದ್ದುಪಡಿ ತಲಪುವುದಿಲ್ಲ. ಸಂದೇಶಗಳು ಗೂಢಲಿಪಿಯಲ್ಲಿ ಸಾಗುವುದರಿಂದ ಅವುಗಳಲ್ಲಿ ಏನಿದೆ ಎಂಬುದು ಆ ಸಂಸ್ಥೆಗೂ ಕಾಣದು. ಖಾಸಗಿ ಮಾತಿಗೆ ಇದು ಒಳ್ಳೆಯ ರಕ್ಷಣೆ. ಸುಳ್ಳಿಗೂ ಅದೇ ರಕ್ಷಣೆ ದೊರೆಯುತ್ತದೆ.

ಇದರ ಬೆಲೆಯನ್ನು ನಮ್ಮ ರಾಜ್ಯ ತೆತ್ತಿದೆ. 2012ರ ಆಗಸ್ಟ್‌ನಲ್ಲಿ, ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗಲಿದೆ ಎಂಬ ವದಂತಿ ಎಸ್‌ಎಂಎಸ್ ಮೂಲಕ ಹಬ್ಬಿ, ಸಾವಿರಾರು ಮಂದಿ ಬೆಂಗಳೂರಿನಿಂದ ಸಿಕ್ಕಿದ ರೈಲು ಹತ್ತಿ ಹೊರಟುಹೋದರು. ಸಾಮೂಹಿಕ ಎಸ್‌ಎಂಎಸ್ ಮೇಲೆ ಕೇಂದ್ರ ಸರಕಾರ ತಾತ್ಕಾಲಿಕ ಮಿತಿ ಹೇರಬೇಕಾಯಿತು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳನೆಂದು ಭಾವಿಸಿ ಗುಂಪು ಕೊಂದುಹಾಕಿತು. ಅವರೂ ಗೆಳೆಯರೂ ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು. ಅದು ವಾಟ್ಸಾಪಿನಲ್ಲಿ ಬೇರೆಯೇ ಸುದ್ದಿಯಾಗಿ ಅವರಿಗಿಂತ ಮುಂದೆ ಓಡಿತು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳುಹಿಸದಂತೆ ಮಿತಿ ಇಡುವುದಾಗಿ ಪ್ರಕಟಿಸಿತು. 2020ರಲ್ಲಿ, ಹಲವು ಬಾರಿ ಕೈಬದಲಾಗಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸುವಂತೆ ಮತ್ತಷ್ಟು ಬಿಗಿ ಮಾಡಿತು.

ಇನ್ನು ಫೇಸ್‌ಬುಕ್‌ನಂತಹ ಕಡೆ ನಮಗೆ ಯಾವ ಸುದ್ದಿ ಮೊದಲು ಕಾಣಬೇಕೆಂದು ತೀರ್ಮಾನಿಸುವುದು ಸಂಪಾದಕನಲ್ಲ, ಕಂಪ್ಯೂಟರಿನ ಲೆಕ್ಕಾಚಾರ. ಯಾವುದನ್ನು ಜನರು ಹೆಚ್ಚು ಒತ್ತುತ್ತಾರೋ, ಯಾವುದಕ್ಕೆ ಹೆಚ್ಚು ಪ್ರತಿಕ್ರಿಯೆ ಬರುತ್ತದೋ ಅದು ಮುಂದೆ ಬರುತ್ತದೆ. ಸಿಟ್ಟು ಮತ್ತು ಭಯ ಹುಟ್ಟಿಸುವ ಸುದ್ದಿಗೆ ಪ್ರತಿಕ್ರಿಯೆ ಹೆಚ್ಚೆಂಬುದು ನಮಗೆಲ್ಲರಿಗೂ ಗೊತ್ತು. ಜಾಹೀರಾತಿನ ಹಣವೂ ಅತ್ತಲೇ ಹರಿದುಹೋದ ಕಾರಣ ಪತ್ರಿಕೆಗಳ ಆದಾಯ ಕುಗ್ಗಿತು. ಸುದ್ದಿಯನ್ನು ಪರೀಕ್ಷಿಸುವ ಕೈಗಳನ್ನು ಕಡಿಮೆ ಮಾಡಿದ ಪತ್ರಿಕೆಗಳು ಅನೇಕ.

ಧರ್ಮಸಭೆಯ ಅನುಭವ

ಧರ್ಮಸಭೆ ಮಾಧ್ಯಮಗಳಿಗೆ ಹೆದರಿ ದೂರ ನಿಂತಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಸಂಪರ್ಕ ಮಾಧ್ಯಮಗಳ ಕುರಿತ 'ಇಂತೆರ್ ಮಿರಿಫಿಕಾ' ಶಾಸನವನ್ನು ಹೊರಡಿಸಿತು. 1967ರಿಂದ ಪ್ರತಿವರ್ಷ ವಿಶ್ವ ಸಂಪರ್ಕ ಮಾಧ್ಯಮ ದಿನವನ್ನು ಆಚರಿಸಲಾಗುತ್ತಿದೆ. 2011ರ ಮೇ 2ರಂದು, ದ್ವಿತೀಯ ಜಾನ್ ಪಾಲ್ ಅವರನ್ನು ಧನ್ಯರೆಂದು ಘೋಷಿಸಿದ ಮರುದಿನ, ವ್ಯಾಟಿಕನ್ ಸುಮಾರು 150 ಮಂದಿ ಬ್ಲಾಗರ್‌ಗಳನ್ನು ರೋಮಿಗೆ ಆಹ್ವಾನಿಸಿ ಸಭೆ ನಡೆಸಿತು.

ತಪ್ಪಿನಿಂದ ಕಲಿತದ್ದೂ ಇದೆ. 2009ರ ಜನವರಿಯಲ್ಲಿ ಪೋಪ್ 16ನೇ ಬೆನೆಡಿಕ್ಟರು ಸಂತ ಹತ್ತನೇ ಪಿಯುಸ್ ಸಂಘದ ನಾಲ್ವರು ಬಿಷಪರ ಬಹಿಷ್ಕಾರವನ್ನು ಹಿಂತೆಗೆದರು. ಅವರಲ್ಲೊಬ್ಬರು ಯೆಹೂದ್ಯರ ಹತ್ಯಾಕಾಂಡವನ್ನು ಅಲ್ಲಗಳೆದವರೆಂಬುದು ಬಯಲಾಗಿ ದೊಡ್ಡ ಕೋಲಾಹಲವಾಯಿತು. ಮಾರ್ಚ್ 10ರಂದು ಜಗತ್ತಿನ ಎಲ್ಲ ಬಿಷಪರಿಗೆ ಬರೆದ ಪತ್ರದಲ್ಲಿ ಪೋಪರು, ಅಂತರಜಾಲದಲ್ಲಿ ದೊರೆಯುವ ಮಾಹಿತಿಯನ್ನು ಗಮನಿಸಿದ್ದರೆ ಈ ಸಮಸ್ಯೆ ಮೊದಲೇ ತಿಳಿಯುತ್ತಿತ್ತೆಂದೂ, ಮುಂದೆ ಆ ಮೂಲವನ್ನು ಹೆಚ್ಚು ಗಮನಿಸಬೇಕಾಗಿದೆಯೆಂದೂ ವಿನಯದಿಂದ ಒಪ್ಪಿಕೊಂಡರು. ಪೋಪರೇ ಹೀಗೆ ಒಪ್ಪಿಕೊಂಡಿರುವಾಗ, ತಪ್ಪಾಯಿತೆಂದು ಹೇಳಲು ನಮಗೇಕೆ ಸಂಕೋಚ?

ಅದೇ ಪೋಪರ ಇನ್ನೊಂದು ಸಂದರ್ಭ ಸುದ್ದಿಗಾರರಿಗೆಲ್ಲ ಪಾಠವಾಗುವಂಥದು. 2013ರ ಫೆಬ್ರವರಿ 11ರಂದು ಕಾರ್ಡಿನಲರ ಸಭೆಯೊಂದರಲ್ಲಿ ಅವರು ಲ್ಯಾಟಿನ್ ಭಾಷೆಯಲ್ಲಿ ತಮ್ಮ ರಾಜೀನಾಮೆಯನ್ನು ಪ್ರಕಟಿಸಿದರು. ಜಗತ್ತಿಗೆ ಅದನ್ನು ಮೊದಲು ತಿಳಿಸಿದವರು ಇಟಲಿಯ ಅನ್ಸಾ ಸುದ್ದಿಸಂಸ್ಥೆಯ ವರದಿಗಾರ್ತಿ ಜೊವಾನ್ನಾ ಕಿರ್ರಿ. ಟಿವಿ ಪರದೆಯಲ್ಲಿ ಆ ಸಭೆಯನ್ನು ನೋಡುತ್ತಿದ್ದ ಅವರಿಗೆ ಲ್ಯಾಟಿನ್ ಅರ್ಥವಾಗುತ್ತಿತ್ತು. ಕೇಳಿದ್ದು ಸರಿಯೇ ಎಂದು ಖಚಿತಪಡಿಸಿಕೊಳ್ಳಲು ವ್ಯಾಟಿಕನ್ ವಕ್ತಾರರಿಗೆ ಫೋನು ಮಾಡಿದರು, ಕೂಡಲೇ ಸಿಗಲಿಲ್ಲ. ಪೋಪರ ನಂತರ ಕಾರ್ಡಿನಲ್ ಸೊಡಾನೊ ಆಡಿದ ಮಾತುಗಳೂ ಅದನ್ನೇ ಸೂಚಿಸಿದಾಗ ತಾವು ಕೇಳಿದ್ದು ಸರಿಯೆಂದು ದೃಢಪಟ್ಟಿತು. 11 ಗಂಟೆ 46 ನಿಮಿಷಕ್ಕೆ ಅನ್ಸಾ ಸುದ್ದಿ ಬಿಡುಗಡೆ ಮಾಡಿತು. ಎಲ್ಲರ ಕೈಯಲ್ಲೂ ಅಂದು ಅತ್ಯಾಧುನಿಕ ಮೊಬೈಲುಗಳಿದ್ದವು. ಆದರೆ ಸುದ್ದಿಯನ್ನು ಮೊದಲು ತಂದುಕೊಟ್ಟದ್ದು ಮೊಬೈಲಲ್ಲ. ವರ್ಷಗಟ್ಟಲೆ ಕಲಿತ ಭಾಷೆ ಮತ್ತು ಕಳುಹಿಸುವ ಮುನ್ನ ಇನ್ನೊಮ್ಮೆ ಕೇಳುವ ಅಭ್ಯಾಸ.

ವಿರುದ್ಧದ ಉದಾಹರಣೆಗಳಿಗೂ ಕೊರತೆಯಿಲ್ಲ. 2016ರ ಅಮೆರಿಕದ ಚುನಾವಣೆಯಲ್ಲಿ ಪೋಪ್ ಫ್ರಾನ್ಸಿಸರು ಡೊನಾಲ್ಡ್ ಟ್ರಂಪ್ ಅವರನ್ನು ಬೆಂಬಲಿಸಿದ್ದಾರೆಂಬ ಶುದ್ಧ ಸುಳ್ಳು ಫೇಸ್‌ಬುಕ್‌ನಲ್ಲಿ ಬಹಳ ಹಂಚಲ್ಪಟ್ಟಿತು. 2023ರ ಮಾರ್ಚ್‌ನಲ್ಲಿ ಅವರು ದುಬಾರಿ ಬಿಳಿ ಜಾಕೆಟ್ ತೊಟ್ಟು ನಡೆಯುವ ಚಿತ್ರವೊಂದನ್ನು ಲಕ್ಷಾಂತರ ಮಂದಿ ನಂಬಿದರು. ಅದು ಮಿಡ್‌ಜರ್ನಿ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ತಯಾರಿಸಿದ ಚಿತ್ರವಾಗಿತ್ತು. ಮೊದಲು "ಫೋಟೋ ಇದೆಯಲ್ಲ" ಎಂದರೆ ಸಾಕ್ಷಿಯಾಗುತ್ತಿತ್ತು. ಈಗ ಫೋಟೋಗೂ ಸಾಕ್ಷಿ ಕೇಳಬೇಕಾಗಿದೆ. 2018ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಪೋಪ್ ಫ್ರಾನ್ಸಿಸರು ಸುಳ್ಳು ಸುದ್ದಿಯ ಮೊದಲ ಉದಾಹರಣೆಯನ್ನು ಆದಿಕಾಂಡದಲ್ಲೇ ತೋರಿಸಿದ್ದರು. ಏದೆನ್ ತೋಟದಲ್ಲಿ ಹಾವು ಹೇಳಿದ್ದು ಪೂರ್ತಿ ಸುಳ್ಳಲ್ಲ. ನಿಜದ ಬಣ್ಣ ಬಳಿದ ಸುಳ್ಳು.

ನಾವೇನು ಮಾಡಬೇಕು?

ಪ್ರಿಯ ಓದುಗರೇ, ಮೊದಲು ಪತ್ರಿಕಾಲಯದಲ್ಲಿ ಕುಳಿತಿದ್ದ ಆ ಕಾವಲಿನವನ ಕುರ್ಚಿ ಈಗ ನಮ್ಮ ಪ್ರತಿಯೊಬ್ಬರ ಅಂಗೈಗೆ ಬಂದಿದೆ. ಕುರ್ಚಿ ಬಂತು, ಅದರ ಕರ್ತವ್ಯ ಬರಲಿಲ್ಲ ಎಂದಾಗಬಾರದು. ಚರ್ಚಿನ ವರದಿಗಾರರು, ಪಾಲನಾ ಮಂಡಳಿಯ ಪದಾಧಿಕಾರಿಗಳು, ಗುರಿಕಾರರು, ಧಾರ್ಮಿಕ ಭಗಿನಿಯರು ಮತ್ತು ಯುವಜನರು ಈ ಕೆಲವು ಅಂಶಗಳನ್ನು ಪಾಲಿಸುವಂತೆ ಕೋರುತ್ತೇವೆ.

ಒಂದು: "ಯಾರು ಹೇಳಿದರು? ಅವರು ಕಣ್ಣಾರೆ ಕಂಡರೇ?" ಎಂಬೆರಡು ಪ್ರಶ್ನೆಗಳನ್ನು ಕೇಳದೆ ಏನನ್ನೂ ಕಳುಹಿಸಬೇಡಿ. ಹತ್ತು ಕಡೆಯಿಂದ ಬಂದರೂ ಮೂಲ ಒಂದೇ ಇರಬಹುದು.

ಎರಡು: ನಿಧನ ಮತ್ತು ಅಪಘಾತದ ಸುದ್ದಿಯಲ್ಲಿ ಮನೆಯವರ ಮಾತೇ ಮೊದಲು. ಮನೆಯವರಿಂದಲೂ ಧರ್ಮಗುರುಗಳಿಂದಲೂ ಕೇಳಿದ ನಂತರವೇ ಹೆಸರು ಬರೆಯಿರಿ. ಪರದೇಶದಲ್ಲಿರುವ ಮಕ್ಕಳಿಗೆ ತಿಳಿಸಿದ್ದಾರೆಯೇ ಎಂದು ಕೇಳುವುದನ್ನು ಮರೆಯಬೇಡಿ.

ಮೂರು: ರೋಗಿಗಳ, ಗಾಯಾಳುಗಳ, ಮೃತರ ಚಿತ್ರಗಳನ್ನು ಹಂಚಬೇಡಿ. ಮಕ್ಕಳ ಚಿತ್ರಕ್ಕೆ ಹೆತ್ತವರ ಒಪ್ಪಿಗೆ ಇರಲಿ.

ನಾಲ್ಕು: ಕೋಮು ಸಾಮರಸ್ಯಕ್ಕೆ ಸಂಬಂಧಿಸಿದ ಸಂದೇಶ ಬಂದರೆ, ಅದು ನಮ್ಮ ಸಮುದಾಯದ ಪರವಾಗಿದ್ದರೂ ಸರಿ, ಖಚಿತವಾಗುವ ತನಕ ನಿಮ್ಮಲ್ಲೇ ನಿಲ್ಲಲಿ. ಹಳೆಯ ಚಿತ್ರ, ಬೇರೆ ಊರಿನ ವಿಡಿಯೋ ಹೊಸದೆಂದು ಬರುವುದು ಸಾಮಾನ್ಯ.

ಐದು: ತಪ್ಪಾದರೆ ತಪ್ಪು ಪ್ರಕಟವಾದ ಜಾಗದಲ್ಲೇ, ಅಷ್ಟೇ ಎದ್ದುಕಾಣುವಂತೆ ತಿದ್ದಿರಿ. ಸದ್ದಿಲ್ಲದೆ ಅಳಿಸಿಹಾಕುವುದು ತಿದ್ದುಪಡಿಯಲ್ಲ.

ಸುಳ್ಳು ಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆಯನ್ನು ವಿವರಿಸುವಾಗ ಕಥೊಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಮೂರು ದೋಷಗಳನ್ನು ಹೆಸರಿಸುತ್ತದೆ: ಆಧಾರವಿಲ್ಲದೆ ಒಬ್ಬರನ್ನು ತಪ್ಪಿತಸ್ಥರೆಂದು ಎಣಿಸುವುದು, ಕಾರಣವಿಲ್ಲದೆ ಇತರರ ನಿಜವಾದ ತಪ್ಪನ್ನು ಬಯಲುಮಾಡುವುದು ಮತ್ತು ಸುಳ್ಳಿನಿಂದ ಒಬ್ಬರ ಹೆಸರು ಕೆಡಿಸುವುದು. ನಡುವಿನದನ್ನು ವಿಶೇಷವಾಗಿ ಗಮನಿಸಬೇಕು. ಸುದ್ದಿ ನಿಜವಾಗಿದ್ದರೂ ಅದನ್ನು ಹಬ್ಬಿಸುವುದು ಪಾಪವಾಗಬಹುದು. ಒಂದು ಕುಟುಂಬದ ಒಳಗಿನ ಮನಸ್ತಾಪ, ಒಬ್ಬ ಹುಡುಗಿಯ ಮದುವೆ ಮುರಿದ ವಿಷಯ ನಿಜವೇ ಇರಬಹುದು. ಅದು ಊರಿಗೆ ಬೇಕಾದ ಸುದ್ದಿಯಲ್ಲ.

ಪತ್ರಕರ್ತರ ಪಾಲಕ ಸಂತರು ಸಂತ ಫ್ರಾನ್ಸಿಸ್ ಡಿ ಸೇಲ್ಸ್. ಹದಿನಾರನೆಯ ಶತಮಾನದ ಕೊನೆಯಲ್ಲಿ ಶಬ್ಲೇ ಪ್ರಾಂತ್ಯದ ಜನರು ಅವರ ಪ್ರಬೋಧನೆ ಕೇಳಲು ಬಾರದಿದ್ದಾಗ, ಹೇಳಬೇಕಾದುದನ್ನು ಹಾಳೆಗಳಲ್ಲಿ ಬರೆದು ಮನೆಮನೆಯ ಬಾಗಿಲ ಕೆಳಗಿನಿಂದ ಒಳಗೆ ತಳ್ಳುತ್ತಿದ್ದರು. ಅವರಿಗೂ ಪತ್ರಿಕೆಯಿರಲಿಲ್ಲ, ಕೈಯಲ್ಲಿ ಒಂದು ಹಾಳೆಯಿತ್ತು. ಇಂದಿನ ಬ್ಲಾಗರ್‌ನಂತೆಯೇ ಅವರು ನೇರವಾಗಿ ಜನರ ಮನೆ ತಲಪಿದರು. ಆದರೆ ಆ ಹಾಳೆಗಳಲ್ಲಿ ಸತ್ಯವೂ ಮೃದುತನವೂ ಜೊತೆಗಿದ್ದವು. 1923ರಲ್ಲಿ ಪೋಪ್ 11ನೇ ಪಿಯುಸ್ ಅವರನ್ನು ಬರಹಗಾರರ ಪಾಲಕರೆಂದು ಘೋಷಿಸಿದರು.

ಆರಂಭದಲ್ಲಿ ಹೇಳಿದ ಆ ಹಿರಿಯ ಗುರಿಕಾರರು ಗುಣಮುಖರಾಗಿ ಮನೆಗೆ ಮರಳಿದರು. ಆ ವರ್ಷದ ಮೊಂತಿ ಹಬ್ಬಕ್ಕೆ ಊರುಗೋಲು ಹಿಡಿದು ಇಗರ್ಜಿಗೆ ಬಂದಿದ್ದಾಗ ನಮ್ಮನ್ನು ಕಂಡು, "ಫಾದರ್, ನೀವು ಹಾಕಿದ ಫೋಟೋ ಚೆನ್ನಾಗಿತ್ತು, ಅದನ್ನೇ ಇಟ್ಟುಕೊಳ್ಳಿ" ಎಂದು ನಕ್ಕರು. ನಗುವುದು ಅವರ ದೊಡ್ಡತನ. ಆ ರಾತ್ರಿ ಕುವೈಟಿನಲ್ಲಿ ಅರ್ಧ ಗಂಟೆಯ ಕಾಲ ತಂದೆಯನ್ನು ಕಳೆದುಕೊಂಡಿದ್ದ ಮಗಳ ನೋವು ಮಾತ್ರ ನಗುವ ವಿಷಯವಾಗಿರಲಿಲ್ಲ. ಅಂದಿನಿಂದ ನಮ್ಮ ಸುದ್ದಿ ವಿಭಾಗದಲ್ಲಿ ಒಂದು ನಿಯಮವಿದೆ. ಯಾವುದೇ ನಿಧನದ ಸುದ್ದಿಗೆ ಎರಡು ಫೋನು: ಒಂದು ಮನೆಗೆ, ಒಂದು ಇಗರ್ಜಿಗೆ. ಇದರಿಂದ ನಾವು ಇತರರಿಗಿಂತ ಒಂದು ಗಂಟೆ ಹಿಂದೆ ಬಿದ್ದದ್ದೂ ಉಂಟು. "ನಿಮ್ಮದು ಯಾವಾಗಲೂ ಲೇಟು" ಎಂದು ಕೆಲವರು ಆಕ್ಷೇಪಿಸಿದ್ದೂ ಉಂಟು. ಆ ಆಕ್ಷೇಪವನ್ನು ನಾವು ಸಂತೋಷದಿಂದ ಸ್ವೀಕರಿಸುತ್ತೇವೆ.

ನಿಮ್ಮ ಮೊಬೈಲಿಗೆ ಇಂದು ರಾತ್ರಿಯೂ ಒಂದು ಸುದ್ದಿ ಬರಬಹುದು. ಮುಂದಕ್ಕೆ ಕಳುಹಿಸುವ ಮೊದಲು ಒಂದು ಫೋನು ಮಾಡಿ ಕೇಳಿ. ಹಿಂದೆ ಗಂಟೆಯ ಹಗ್ಗಕ್ಕೆ ಕೈಹಾಕುವ ಮುನ್ನ ನಮ್ಮ ಹಿರಿಯರು ಮಾಡುತ್ತಿದ್ದುದೂ ಇದನ್ನೇ.